ಆರೋಪಿಯೇ ಇಲ್ಲದ ಕೊಲೆಗಳ ಹುಡುಕಾಟಕ್ಕೆ ಇ-ಕೋರ್ಟ್ಸ್ ಎಷ್ಟು ನೆರವಾಗುತ್ತದೆ?

ಇ-ಕೋರ್ಟ್ಸ್ ಸರ್ವಿಸಸ್ ಎಂಬ ಸರ್ಕಾರಿ ಜಾಲತಾಣವನ್ನೂ ಅದರ ಆ್ಯಪ್ ಅನ್ನೂ ವಕೀಲರು ಮತ್ತು ಕಕ್ಷಿದಾರರು ಮುಖ್ಯವಾಗಿ ಮುಂದಿನ ವಾಯಿದೆ ಯಾವತ್ತು ಎಂದು ನೋಡಿಕೊಳ್ಳಲು ಬಳಸುತ್ತಾರೆ. ಮೈಸೂರು ಮತ್ತು ಮಂಡ್ಯ ಜಿಲ್ಲೆಗಳಲ್ಲಿ ನಡೆದು, ಕೊಂದವರು ಯಾರೆಂದು ಇಂದಿಗೂ ಗೊತ್ತಾಗದೆ ಉಳಿದಿರುವ ಕೊಲೆಗಳ ಬಗ್ಗೆ ಕನ್ನಡದಲ್ಲಿ ಪಾಡ್‌ಕಾಸ್ಟ್ ಮಾಡುತ್ತಿರುವ ನಮ್ಮ ಸಣ್ಣ ತಂಡ ಇದೇ ಸೇವೆಯನ್ನು ಹಳೆಯ ದಾಖಲೆ ಹುಡುಕುವುದಕ್ಕೆ ಬಳಸುತ್ತಾ ಬಂದಿದೆ. ಈ ವಿಮರ್ಶೆ ಆ ಕೆಲಸದ ದೃಷ್ಟಿಯಿಂದ ಬರೆದದ್ದು. ನ್ಯಾಯಾಲಯದ ಮೆಟ್ಟಿಲು ಹತ್ತಿದ ಪ್ರಕರಣದ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಉಚಿತ ಸೇವೆ ನಮಗೆ ಸಿಕ್ಕಿಲ್ಲ. ಆದರೆ ಇಡೀ ವ್ಯವಸ್ಥೆ ಕಕ್ಷಿದಾರರ ಹೆಸರು ಮತ್ತು ಪ್ರಕರಣದ ಸಂಖ್ಯೆಯ ಮೇಲೆ ನಿಂತಿರುವುದರಿಂದ, ಆರೋಪಿಯ ಹೆಸರಿಲ್ಲದ, ಎಷ್ಟೋ ಸಲ ಸತ್ತವರ ಹೆಸರೂ ಇಲ್ಲದ ಪ್ರಕರಣ ಅದರ ಕಣ್ಣಿಗೆ ಬೀಳುವುದಿಲ್ಲ. ಇತ್ಯರ್ಥವಾಗದ ಕೊಲೆಗಳ ಬೆನ್ನು ಹತ್ತುವವರು ಈ ಎರಡನ್ನೂ ತಿಳಿದುಕೊಂಡೇ ಇದನ್ನು ಕೈಗೆತ್ತಿಕೊಳ್ಳುವುದು ಒಳ್ಳೆಯದು.

ಬಳಸುವ ಕ್ರಮ ಸರಳವಾಗಿದೆ. ರಾಜ್ಯ, ಜಿಲ್ಲೆ, ನ್ಯಾಯಾಲಯ ಸಂಕೀರ್ಣ ಆರಿಸಿಕೊಂಡು ಕಕ್ಷಿದಾರರ ಹೆಸರು, ಪ್ರಕರಣದ ಸಂಖ್ಯೆ, ವಕೀಲರ ಹೆಸರು, ಎಫ್‌ಐಆರ್ ಸಂಖ್ಯೆ ಅಥವಾ ಕಾಯ್ದೆಯ ಮೂಲಕ ಹುಡುಕಬಹುದು. ಪ್ರತಿ ಪ್ರಕರಣಕ್ಕೂ ಸಿಎನ್‌ಆರ್ ಎಂಬ 16 ಅಕ್ಷರ-ಅಂಕಿಗಳ ಗುರುತು ಇರುತ್ತದೆ. ಮೊದಲಿಗೆ ರಾಜ್ಯವನ್ನೂ ಜಿಲ್ಲೆಯನ್ನೂ ಸೂಚಿಸುವ ಅಕ್ಷರಗಳು, ಕೊನೆಗೆ ವರ್ಷದ 4 ಅಂಕಿಗಳು. ಅದು ಕೈಯಲ್ಲಿದ್ದರೆ ಬೇರೇನೂ ಬೇಡ. ಪ್ರಕರಣ ದಾಖಲಾದ ದಿನದಿಂದ ಹಿಡಿದು ಪ್ರತಿಯೊಂದು ವಾಯಿದೆಯಲ್ಲಿ ಏನಾಯಿತು, ಸಾಕ್ಷಿ ಬಂದರೇ, ವಾರಂಟ್ ಹೊರಟಿತೇ, ತೀರ್ಪು ಯಾವತ್ತು ಎಂಬುದೆಲ್ಲ ಸಾಲಾಗಿ ಕಾಣುತ್ತದೆ, ತೀರ್ಪಿನ ಪ್ರತಿ ಸೇರಿಸಿದ್ದರೆ ಅದನ್ನೂ ಇಳಿಸಿಕೊಳ್ಳಬಹುದು. ಇವೆಲ್ಲದಕ್ಕೂ ಒಂದು ರೂಪಾಯಿ ಶುಲ್ಕವಿಲ್ಲ.

ನಮ್ಮ ಕೆಲಸಕ್ಕೆ ಈ ಸೇವೆಯಿಂದ ಸಿಕ್ಕ ಅತಿ ದೊಡ್ಡ ಉಪಕಾರವೆಂದರೆ ಖುಲಾಸೆ ತೀರ್ಪುಗಳು. ಪೊಲೀಸರು ಯಾರನ್ನೂ ಹಿಡಿಯದ ಪ್ರಕರಣವನ್ನು ಮಾತ್ರ ಬಗೆಹರಿಯದ ಕೊಲೆ ಎಂದು ಎಣಿಸುವವರೇ ಹೆಚ್ಚು. ಆದರೆ ಒಬ್ಬನನ್ನು ಹಿಡಿದು, ದೋಷಾರೋಪ ಪಟ್ಟಿ ಸಲ್ಲಿಸಿ, ವರ್ಷಗಟ್ಟಲೆ ವಿಚಾರಣೆ ನಡೆದು, ಕೊನೆಗೆ ನ್ಯಾಯಾಲಯ ಅವನನ್ನು ಬಿಡುಗಡೆ ಮಾಡಿದರೆ, ಆ ಕೊಲೆಯೂ ಬಗೆಹರಿಯದೆ ಉಳಿದ ಹಾಗೆಯೇ. ಬಿಡುಗಡೆಯಾದವನನ್ನು ಅದೇ ಅಪರಾಧಕ್ಕೆ ಮತ್ತೆ ವಿಚಾರಣೆಗೆ ಒಳಪಡಿಸಲು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಂತೆಯೇ ಈಗಿನ ನಾಗರಿಕ ಸುರಕ್ಷಾ ಸಂಹಿತೆಯೂ ಅಡ್ಡ ಬರುತ್ತದೆ. ಬೇರೆಯವರನ್ನು ಹುಡುಕುವ ಕೆಲಸ ಅಲ್ಲಿಂದ ಮುಂದಕ್ಕೆ ಹೋಗುವುದು ಅಪರೂಪ. ಪತ್ರಿಕೆಗಳಲ್ಲಿ ಬಂಧನದ ಸುದ್ದಿ ದೊಡ್ಡದಾಗಿ ಬಂದಿರುತ್ತದೆ, ಬಿಡುಗಡೆಯ ಸುದ್ದಿ ಎಷ್ಟೋ ಸಲ ಬಂದೇ ಇರುವುದಿಲ್ಲ. ಊರಿನವರು ಕೇಸು ಮುಗಿಯಿತು ಎಂದುಕೊಂಡಿರುತ್ತಾರೆ, ಸತ್ತವರ ಮನೆಯವರಿಗೆ ಮಾತ್ರ ಅದು ಮುಗಿದಿಲ್ಲವೆಂದು ಗೊತ್ತಿರುತ್ತದೆ.

ಇಂತಹ ತೀರ್ಪನ್ನು ಓದುವವರು ಕೊನೆಯ ಪುಟಗಳಿಂದ ಓದಲು ತೊಡಗುವುದು ಲೇಸು. ತೀರ್ಪಿನ ಅಂತ್ಯದ ಅನುಬಂಧದಲ್ಲಿ ಸಾಕ್ಷಿಗಳ ಪಟ್ಟಿ, ನಿಶಾನೆ ಹಾಕಿದ ದಾಖಲೆಗಳ ಪಟ್ಟಿ, ಮುದ್ದೆಮಾಲುಗಳ ಅಂದರೆ ಪೊಲೀಸರು ವಶಪಡಿಸಿಕೊಂಡ ವಸ್ತುಗಳ ಪಟ್ಟಿ ಇರುತ್ತವೆ. ರಕ್ತಸಿಕ್ತ ಮಣ್ಣು, ಮಾದರಿ ಮಣ್ಣು, ಒಂದು ಜೊತೆ ಚಪ್ಪಲಿ, ಮೃತರ ಬಟ್ಟೆ, ಕುಡುಗೋಲು ಎಂದು ಒಂದೊಂದೇ ಸಾಲಿನಲ್ಲಿ ಬರೆದಿರುವ ಈ ಪಟ್ಟಿಯಿಂದ ಆವತ್ತು ಸ್ಥಳದಲ್ಲಿ ಪೊಲೀಸರಿಗೆ ಏನು ಸಿಕ್ಕಿತು, ಏನು ಸಿಗಲಿಲ್ಲ ಎಂಬುದು ತಿಳಿಯುತ್ತದೆ. ಆಮೇಲೆ ಮುಖ್ಯ ಭಾಗಕ್ಕೆ ಬಂದರೆ ಪ್ರಕರಣ ಬಿದ್ದುಹೋದ ಜಾಗ ತಾನಾಗಿಯೇ ಕಾಣಿಸುತ್ತದೆ. ಸ್ಥಳ ಪರಿಶೀಲನೆಯ ದಾಖಲೆಯಾದ ಮಹಜರಿಗೆ ಸಾಕ್ಷಿಗಳಾದ ಪಂಚರು ತಾವು ಸ್ಥಳಕ್ಕೆ ಹೋಗಿರಲಿಲ್ಲ, ಠಾಣೆಯಲ್ಲಿ ಸಹಿ ಹಾಕಿದ್ದೇವೆ ಎಂದು ನುಡಿದಿರುತ್ತಾರೆ. ಮೃತರನ್ನು ಆರೋಪಿಯ ಜೊತೆ ಕೊನೆಯದಾಗಿ ಕಂಡೆ ಎಂದು ಹೇಳಿಕೆ ಕೊಟ್ಟಿದ್ದ ನೆರೆಯವರು ಪ್ರತಿಕೂಲ ಸಾಕ್ಷಿಗಳಾಗಿರುತ್ತಾರೆ. ಆಯುಧದ ಮೇಲಿದ್ದದ್ದು ಮನುಷ್ಯರ ರಕ್ತ ಎಂಬಷ್ಟನ್ನು ಹೇಳಿದ ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಅದು ಯಾರ ರಕ್ತ ಎಂಬುದನ್ನು ಹೇಳಿರುವುದಿಲ್ಲ.

ಆದೇಶ ಭಾಗದ ಒಂದು ಸಾಲನ್ನು ಪಾಡ್‌ಕಾಸ್ಟ್ ಮಾಡುವವರು ತಪ್ಪದೆ ನೋಡಬೇಕು. ಬೆಲೆಯಿಲ್ಲದ ಮುದ್ದೆಮಾಲುಗಳನ್ನು ಮೇಲ್ಮನವಿ ಅವಧಿ ಮುಗಿದ ಮೇಲೆ ನಾಶಪಡಿಸಬೇಕು ಎಂಬ ಸಾಲು ಬಹುತೇಕ ಎಲ್ಲ ಕೊಲೆ ತೀರ್ಪುಗಳಲ್ಲೂ ಇರುತ್ತದೆ. ಮಾರಾಟದ ಲೆಕ್ಕದಲ್ಲಿ ಆ ಬಟ್ಟೆಗೂ ಮಣ್ಣಿಗೂ ಬೆಲೆಯಿಲ್ಲದಿರಬಹುದು. ಆದರೆ 2018ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1970 ಮತ್ತು 80ರ ದಶಕಗಳ ಸರಣಿ ಕೊಲೆಗಳಿಗೆ ಸಂಬಂಧಿಸಿದಂತೆ ಜೋಸೆಫ್ ಡಿಆಂಜೆಲೊ ಎಂಬ ಮಾಜಿ ಪೊಲೀಸನನ್ನು ಬಂಧಿಸಲು ಸಾಧ್ಯವಾದದ್ದು, ಹಳೆಯ ಪ್ರಕರಣದ ಜೈವಿಕ ಮಾದರಿಯನ್ನು ಯಾರೋ ದಶಕಗಳ ಕಾಲ ಜೋಪಾನವಾಗಿ ಇಟ್ಟಿದ್ದರಿಂದ. ನಮ್ಮಲ್ಲಿ ಖುಲಾಸೆಯಾದ ಪ್ರಕರಣದ ಮುದ್ದೆಮಾಲು ನಾಶವಾದ ಮೇಲೆ ಯಾವ ಡಿಎನ್‌ಎ ತಂತ್ರಜ್ಞಾನ ಬಂದರೂ ಪರೀಕ್ಷಿಸಲು ಏನೂ ಉಳಿದಿರುವುದಿಲ್ಲ. ಈ ಸಂಗತಿಯನ್ನು ಕೇಳುಗರಿಗೆ ಹೇಳುವುದು ನಮ್ಮ ಕರ್ತವ್ಯ ಎಂದು ನಾನು ನಂಬಿದ್ದೇನೆ. ಪ್ರಕರಣವನ್ನು ಮತ್ತೆ ತೆರೆಯಿರಿ ಎಂದು ಕೂಗುವುದಕ್ಕೆ ಮುಂಚೆ, ತೆರೆದರೆ ಒಳಗೆ ಏನಿದೆ ಎಂಬುದನ್ನು ನೋಡಿಕೊಳ್ಳಬೇಕು.

ಹುಡುಕಾಟದಲ್ಲಿ ಹೊಸಬರು ಎಡವುವ ಜಾಗಗಳೂ ಇವೆ. ಕೊಲೆ ಪ್ರಕರಣವನ್ನು ಸೆಷನ್ಸ್ ನ್ಯಾಯಾಲಯವೇ ವಿಚಾರಿಸಬೇಕಾದ್ದರಿಂದ, ದೋಷಾರೋಪ ಪಟ್ಟಿ ಮೊದಲು ತಾಲ್ಲೂಕಿನ ಮ್ಯಾಜಿಸ್ಟ್ರೇಟ್ ಮುಂದೆ ಸಿ.ಸಿ. (ಕ್ರಿಮಿನಲ್ ಕೇಸ್) ಸಂಖ್ಯೆ ಪಡೆದು, ಅಲ್ಲಿಂದ ಒಪ್ಪಿಸಲ್ಪಟ್ಟ ಮೇಲೆ ಎಸ್.ಸಿ. (ಸೆಷನ್ಸ್ ಕೇಸ್) ಎಂಬ ಬೇರೆ ಸಂಖ್ಯೆ ಪಡೆಯುತ್ತದೆ. ಮಳವಳ್ಳಿಯಲ್ಲೋ ಪಿರಿಯಾಪಟ್ಟಣದಲ್ಲೋ ಹುಡುಕಿದಾಗ ಪ್ರಕರಣ ಇತ್ಯರ್ಥವಾಗಿದೆ ಎಂದು ತೋರಿಸಿದರೆ, ಅದು ಸೆಷನ್ಸ್‌ಗೆ ಹೋಗಿದೆ ಎಂಬುದಷ್ಟೇ ಅದರ ಅರ್ಥವಾಗಿರಬಹುದು. ಒಂದು ಸಲಕ್ಕೆ ಒಂದೇ ಸಂಕೀರ್ಣದಲ್ಲಿ, ಒಂದೇ ವರ್ಷದಲ್ಲಿ ಹುಡುಕಬೇಕಾಗಿರುವುದರಿಂದ ತಾಳ್ಮೆ ಬೇಕು. ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವಾಗ ಗೌಡ, ಶೆಟ್ಟಿ, ಚೌಡಮ್ಮ, ಪುಟ್ಟಸ್ವಾಮಿ ಮುಂತಾದ ಹೆಸರುಗಳನ್ನು ಒಬ್ಬೊಬ್ಬ ಗುಮಾಸ್ತರು ಒಂದೊಂದು ರೀತಿ ಬರೆದಿರುತ್ತಾರೆ, ಆದ್ದರಿಂದ ಹೆಸರಿನ ಮೊದಲ ಮೂರು ನಾಲ್ಕು ಅಕ್ಷರಗಳನ್ನು ಮಾತ್ರ ಹಾಕುವುದು ವಾಸಿ. ಎಫ್‌ಐಆರ್ ಸಂಖ್ಯೆ, ಅಂದರೆ ಠಾಣೆಯವರು ಕ್ರೈಂ ನಂಬರ್ ಎನ್ನುವುದು, ಗೊತ್ತಿದ್ದರೆ ಠಾಣೆ ಮತ್ತು ವರ್ಷದ ಜೊತೆ ಅದನ್ನು ಹಾಕಿ ಹುಡುಕುವುದೇ ಎಲ್ಲಕ್ಕಿಂತ ನಂಬಿಕೆಯ ದಾರಿ. ಮೇಲ್ಮನವಿ ಹೈಕೋರ್ಟ್‌ಗೆ ಹೋಗಿದ್ದರೆ ಅದನ್ನು ಹೈಕೋರ್ಟ್ ವಿಭಾಗದಲ್ಲಿ ಪ್ರತ್ಯೇಕವಾಗಿ ನೋಡಬೇಕು. ಇದನ್ನು ಬಿಟ್ಟರೆ, ಕೆಳಗಿನ ನ್ಯಾಯಾಲಯದ ಖುಲಾಸೆ ಮೇಲೆ ರದ್ದಾಗಿರುವುದು ಗೊತ್ತಾಗದೆ ತಪ್ಪು ಮಾಹಿತಿ ಪ್ರಸಾರವಾಗುವ ಅಪಾಯವಿದೆ.

ಇ-ಕೋರ್ಟ್ಸ್ ಯೋಜನೆ ಶುರುವಾದದ್ದು 2007ರಲ್ಲಿ. ಅದಕ್ಕೂ ಮುಂಚೆ ತೀರ್ಮಾನವಾದ ಪ್ರಕರಣದ ತೀರ್ಪು ಇಲ್ಲಿ ಸಿಗುತ್ತದೆಂಬ ಭರವಸೆ ಇಟ್ಟುಕೊಳ್ಳಬಾರದು. 2023ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಂಪುಟ 7,210 ಕೋಟಿ ರೂಪಾಯಿ ವೆಚ್ಚದ ಮೂರನೇ ಹಂತಕ್ಕೆ ಒಪ್ಪಿಗೆ ಕೊಟ್ಟಿದ್ದು, ಹಳೆಯ ಕಡತಗಳ ಡಿಜಿಟಲೀಕರಣ ಅದರ ಮುಖ್ಯ ಭಾಗವಾಗಿದೆ. ಅದು ಪೂರ್ತಿಯಾಗುವವರೆಗೆ ಹಳೆಯ ತೀರ್ಪು ಬೇಕೆಂದರೆ ನ್ಯಾಯಾಲಯಕ್ಕೆ ಹೋಗಿ ನಕಲು ಅರ್ಜಿ ಹಾಕುವುದೇ ದಾರಿ, ಪ್ರಕರಣಕ್ಕೆ ಸಂಬಂಧಪಡದ ಮೂರನೆಯವರು ಕಾರಣ ತಿಳಿಸಿ ಅನುಮತಿ ಪಡೆಯಬೇಕಾಗುತ್ತದೆ.

ಇನ್ನು ಈ ಸೇವೆ ಕೈಕೊಡುವ ಜಾಗಕ್ಕೆ ಬರುತ್ತೇನೆ. ಕೊಲೆಯಾಗಿರುವುದು ನಿಜ, ಆದರೆ ಆರೋಪಿ ಪತ್ತೆಯಾಗಿಲ್ಲ ಎಂದು ತನಿಖಾಧಿಕಾರಿ ನ್ಯಾಯಾಲಯಕ್ಕೆ ಕೊಡುವ ಅಂತಿಮ ವರದಿಗೆ ನಮ್ಮ ರಾಜ್ಯದಲ್ಲಿ ಸಿ ರಿಪೋರ್ಟ್ ಎನ್ನುತ್ತಾರೆ. ಇದನ್ನು, ದೂರೇ ನಿಜವಲ್ಲ ಎಂದು ಕೊಡುವ ಬಿ ರಿಪೋರ್ಟ್ ಜೊತೆ ಸೇರಿಸಿ ಗೊಂದಲ ಮಾಡಿಕೊಳ್ಳಬಾರದು. ಸಿ ರಿಪೋರ್ಟ್ ಆದ ಪ್ರಕರಣಕ್ಕೆ ಸಾಮಾನ್ಯವಾಗಿ ಸಿ.ಸಿ. ಸಂಖ್ಯೆ ಬೀಳುವುದಿಲ್ಲ, ಆರೋಪಿಯ ಹೆಸರಿನ ಜಾಗ ಖಾಲಿ, ಹಾಗಾಗಿ ಹೆಸರಿನಿಂದ ಹುಡುಕುವವರಿಗೆ ಅದು ಸಿಗುವುದೇ ಇಲ್ಲ. ಕಾನೂನಿನ ಲೆಕ್ಕದಲ್ಲಿ ಅದು ಸತ್ತ ಪ್ರಕರಣವೂ ಅಲ್ಲ. ಕೊಲೆಗೆ ಕಾಲಮಿತಿ ಇಲ್ಲ. ಹೊಸ ಸುಳಿವು ಸಿಕ್ಕರೆ ಹಳೆಯ ಸಂಹಿತೆಯ ಕಲಂ 173(8)ರಡಿ ನಡೆಯುತ್ತಿದ್ದ ಮುಂದುವರಿದ ತನಿಖೆಗೆ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಅವಕಾಶವಿದೆ. ವರದಿಯನ್ನು ಒಪ್ಪಿಕೊಂಡು ಪ್ರಕರಣ ಮುಚ್ಚುವ ಮುನ್ನ ದೂರುದಾರರಿಗೆ ತಿಳಿಸಿ ಅವರ ಮಾತು ಕೇಳಬೇಕೆಂದು ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿದೆ. ಹಾಗಿದ್ದರೂ ನಾವು ಭೇಟಿಯಾದ ಎಷ್ಟೋ ಮನೆಯವರಿಗೆ ತಮ್ಮ ಕೇಸು ಸಿ ರಿಪೋರ್ಟ್ ಆಗಿರುವುದು ಗೊತ್ತೇ ಇರಲಿಲ್ಲ.

ಸತ್ತವರ ಗುರುತೇ ಇಲ್ಲದಿದ್ದರೆ ಪರಿಸ್ಥಿತಿ ಇನ್ನೂ ಕಷ್ಟ. ಅಂತಹ ಶವ ಮೊದಲು ಯುಡಿಆರ್, ಅಂದರೆ ಅಸ್ವಾಭಾವಿಕ ಮರಣ ಪ್ರಕರಣವಾಗಿ ದಾಖಲಾಗುತ್ತದೆ, ಕೊಲೆಯೆಂದು ಗೊತ್ತಾಗದಿದ್ದರೆ ಅಲ್ಲಿಯೇ ಉಳಿದುಬಿಡುತ್ತದೆ. ಸಯನೈಡ್ ಮೋಹನ್ ಎಂದೇ ಹೆಸರಾದ ಶಿಕ್ಷಕ 2009ರಲ್ಲಿ ದಕ್ಷಿಣ ಕನ್ನಡದಲ್ಲಿ ಬಂಧನವಾಗುವವರೆಗೆ, ಬಸ್ ನಿಲ್ದಾಣಗಳ ಶೌಚಾಲಯಗಳಲ್ಲಿ ಸಿಕ್ಕಿದ್ದ ಯುವತಿಯರ ಶವಗಳು ಒಂದಕ್ಕೊಂದು ಸಂಬಂಧವಿಲ್ಲದ ಸಾವುಗಳಾಗಿಯೇ ಕಡತದಲ್ಲಿದ್ದವು. ಆ ಶವಗಳಲ್ಲಿ ಹಲವು ಸಿಕ್ಕಿದ್ದು ನಮ್ಮ ಮೈಸೂರಿನ ಬಸ್ ನಿಲ್ದಾಣದಲ್ಲಿಯೇ. ಮಗಳು ಕಾಣೆಯಾಗಿದ್ದಾಳೆ ಎಂಬ ದೂರು ಕರಾವಳಿಯ ಠಾಣೆಯಲ್ಲಿ, ಗುರುತು ಸಿಗದ ಶವದ ದಾಖಲೆ ಮೈಸೂರಿನ ಠಾಣೆಯಲ್ಲಿ. ಈ ಎರಡು ಕಾಗದಗಳನ್ನು ಒಟ್ಟಿಗೆ ಇಟ್ಟು ನೋಡುವವರು ವರ್ಷಗಟ್ಟಲೆ ಇರಲಿಲ್ಲ. ಕೊನೆಗೆ ಅವನ ಮೇಲೆ 20 ಪ್ರಕರಣಗಳು ನಡೆದು, ಕೊನೆಯದರ ತೀರ್ಪು ಬಂದದ್ದು 2020ರಲ್ಲಿ.

ಇದಕ್ಕೆ ಪ್ರತಿಯಾಗಿ, 2022ರ ಜೂನ್‌ನಲ್ಲಿ ಮಂಡ್ಯ ಜಿಲ್ಲೆಯಲ್ಲಿ ಎರಡು ಕಡೆ ಇಬ್ಬರು ಮಹಿಳೆಯರ ಅರ್ಧ ದೇಹಗಳು ಸಿಕ್ಕಾಗ, ಪೊಲೀಸರು ರಾಜ್ಯದ ಬೇರೆ ಬೇರೆ ಠಾಣೆಗಳಲ್ಲಿ ದಾಖಲಾಗಿದ್ದ ಕಾಣೆಯಾದ ಮಹಿಳೆಯರ ದೂರುಗಳನ್ನು ಒಂದೊಂದಾಗಿ ಪರಿಶೀಲಿಸಿ, ಚಾಮರಾಜನಗರದ ಕಡೆಯ ಒಂದು ದೂರಿನಿಂದ ಗುರುತು ಹಿಡಿದು, ಆಗಸ್ಟ್ ಹೊತ್ತಿಗೆ ಆರೋಪಿಗಳನ್ನು ಬಂಧಿಸಿದರು. ಹೆಸರು ಸಿಕ್ಕ ಮೇಲೆ ತನಿಖೆ ಎಷ್ಟು ಬೇಗ ಸಾಗುತ್ತದೆ ಎಂಬುದಕ್ಕೆ ನಮ್ಮ ಸೀಮೆಯಲ್ಲಿ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಕಾಣುವುದಿಲ್ಲ.

ಮಂಡ್ಯದಲ್ಲಿ ನಾಲೆಗಳ ಪ್ರಶ್ನೆ ಬೇರೆಯೇ ಇದೆ. ಕನ್ನಂಬಾಡಿಯಿಂದ ಹೊರಟ ವಿಶ್ವೇಶ್ವರಯ್ಯ ನಾಲೆ ಪಾಂಡವಪುರ, ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಗಳ ನಡುವೆ ಹಲವು ಠಾಣೆಗಳ ಸರಹದ್ದು ದಾಟಿ ಹರಿಯುತ್ತದೆ. ಹರಿಯುವ ನೀರಿನಲ್ಲಿ ಸಿಕ್ಕ ದೇಹ ಎಲ್ಲಿ ಬಿದ್ದದ್ದೋ ಹೇಳಲಾಗುವುದಿಲ್ಲ, ಎಲ್ಲಿ ಸಿಕ್ಕಿತೋ ಆ ಠಾಣೆಯವರ ಪಾಲಿಗೆ ಬರುತ್ತದೆ ಎಂದು ಅಲ್ಲಿನ ನಿವೃತ್ತ ಹೆಡ್ ಕಾನ್‌ಸ್ಟೆಬಲ್ ಒಬ್ಬರು ನಮಗೆ ವಿವರಿಸಿದರು. ನಾಲೆಗೆ ಕಟ್ಟು ನೀರು ಬಿಟ್ಟ ದಿನಗಳನ್ನು ನೀರಾವರಿ ಇಲಾಖೆಯ ದಾಖಲೆಯಲ್ಲಿ ನೋಡಿಕೊಂಡರೆ ದೇಹ ಎಷ್ಟು ದೂರದಿಂದ ಬಂದಿರಬಹುದೆಂಬ ಅಂದಾಜು ಸಿಗುತ್ತದೆ ಎಂದು ತಿಳಿಸಿಕೊಟ್ಟವರೂ ಅವರೇ. ಇಂತಹ ತಿಳಿವಳಿಕೆ ಯಾವ ಆ್ಯಪ್‌ನಲ್ಲೂ ಸಿಗುವುದಿಲ್ಲ.

ಆದ್ದರಿಂದ ಆರೋಪಿಯಿಲ್ಲದ ಪ್ರಕರಣಕ್ಕೆ ಇ-ಕೋರ್ಟ್ಸ್ ಜೊತೆಗೆ ಮಾಹಿತಿ ಹಕ್ಕು ಅರ್ಜಿಯನ್ನು ಸೇರಿಸಿಕೊಳ್ಳಲೇಬೇಕು. ಕರ್ನಾಟಕದಲ್ಲಿ ಅರ್ಜಿ ಶುಲ್ಕ 10 ರೂಪಾಯಿ, ಪುಟವೊಂದಕ್ಕೆ ನಕಲು ಶುಲ್ಕ 2 ರೂಪಾಯಿ, ಉತ್ತರಕ್ಕೆ 30 ದಿನ. ಆನ್‌ಲೈನ್‌ನಲ್ಲೇ ಸಲ್ಲಿಸಬಹುದು. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿದ್ದು 150 ಪದಗಳೊಳಗೆ ಇರಬೇಕು. ಹಾಗಾಗಿ ಕಥೆ ಬರೆಯದೆ ಠಾಣೆ, ಕ್ರೈಂ ನಂಬರ್, ವರ್ಷ ತಿಳಿಸಿ, ಎಫ್‌ಐಆರ್, ಶವ ಮಹಜರು, ಅಂತಿಮ ವರದಿಯ ಪ್ರತಿಗಳು ಬೇಕು ಎಂದಷ್ಟೇ ಕೇಳಬೇಕು. ತನಿಖೆಗೆ ಅಡ್ಡಿಯಾಗುತ್ತದೆ ಎಂದು ಮಾಹಿತಿ ಹಕ್ಕು ಕಾಯ್ದೆಯ ಕಲಂ 8(1)(ಎಚ್) ಅಡಿ ನಿರಾಕರಿಸುವುದು ಪೊಲೀಸ್ ದಾಖಲೆಗಳ ವಿಷಯದಲ್ಲಿ ಸಾಮಾನ್ಯ. ಆದರೆ ಅದೇ ಕಾಯ್ದೆಯ ಕಲಂ 8(3) ಓದಿಕೊಂಡವರು ಕಡಿಮೆ. ಅರ್ಜಿ ಸಲ್ಲಿಸುವ ದಿನಕ್ಕೆ 20 ವರ್ಷ ಹಿಂದಿನ ಘಟನೆಯ ಮಾಹಿತಿಗೆ ದೇಶದ ಭದ್ರತೆ, ಶಾಸನಸಭೆಯ ಹಕ್ಕು, ಸಂಪುಟದ ಕಾಗದಗಳಿಗೆ ಸಂಬಂಧಿಸಿದ ವಿನಾಯಿತಿಗಳು ಮಾತ್ರ ಅನ್ವಯಿಸುತ್ತವೆ, ತನಿಖೆಯ ವಿನಾಯಿತಿ ಅನ್ವಯಿಸುವುದಿಲ್ಲ. ಅದಕ್ಕಿಂತ ಈಚಿನ ಪ್ರಕರಣದಲ್ಲಿಯೂ, ತನಿಖೆ ಬಾಕಿ ಇದೆ ಎಂದ ಮಾತ್ರಕ್ಕೆ ನಿರಾಕರಿಸಲಾಗದು, ಅಡ್ಡಿ ಹೇಗಾಗುತ್ತದೆ ಎಂಬುದನ್ನು ತೋರಿಸಬೇಕು ಎಂದು ದೆಹಲಿ ಹೈಕೋರ್ಟ್ 2007ರಲ್ಲಿ ಹೇಳಿದೆ. ಒಂದು ಠಾಣೆಯಿಂದ ನಮಗೆ ಒಂದೇ ಸಾಲಿನ ನಿರಾಕರಣೆ ಬಂದಾಗ, ಮೊದಲ ಮೇಲ್ಮನವಿಯಲ್ಲಿ ಕಲಂ 8(3) ಅನ್ನು ಉಲ್ಲೇಖಿಸಿದ ಮೇಲೆ ಎಫ್‌ಐಆರ್ ಮತ್ತು ಶವ ಮಹಜರಿನ ಪ್ರತಿಗಳು ಕೈಗೆ ಬಂದವು.

ಅರ್ಜಿಗೆ ಬೇಕಾದ ದಿನಾಂಕ ಮತ್ತು ಠಾಣೆಯ ಹೆಸರಿಗೆ ಹಳೆಯ ಪತ್ರಿಕೆಗಳೇ ಆಧಾರ. 1972ರಲ್ಲಿ ಆರಂಭವಾದ ಆಂದೋಲನ, 1978ರಲ್ಲಿ ಆರಂಭವಾದ ಮೈಸೂರು ಮಿತ್ರ ಮುಂತಾದ ನಮ್ಮ ಊರಿನ ಪತ್ರಿಕೆಗಳಲ್ಲಿ, ರಾಜ್ಯಮಟ್ಟದ ಪತ್ರಿಕೆಗಳು ಬಿಟ್ಟ ಸಣ್ಣ ಅಪರಾಧ ಸುದ್ದಿಗಳೂ ಸಿಗುತ್ತವೆ.

ತೀರ್ಪು ಸುಲಭವಾಗಿ ಕೈಗೆ ಸಿಗುತ್ತದೆ ಎಂದ ಮೇಲೆ ಜವಾಬ್ದಾರಿಯ ಮಾತನ್ನೂ ಹೇಳಲೇಬೇಕು. ಇ-ಕೋರ್ಟ್ಸ್‌ನಲ್ಲಿ ಖುಲಾಸೆಯಾದವರ ಹೆಸರು, ತಂದೆಯ ಹೆಸರು, ಕೆಲವೊಮ್ಮೆ ವಿಳಾಸವೂ ಇರುತ್ತದೆ. ಅವುಗಳನ್ನು ನಾವು ಪ್ರಸಾರದಲ್ಲಿ ಹೇಳುವುದಿಲ್ಲ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತನ್ನು ಬಹಿರಂಗಪಡಿಸುವುದು ಶಿಕ್ಷಾರ್ಹ ಅಪರಾಧ, ಅವರು ಮೃತಪಟ್ಟಿದ್ದರೂ ಆ ರಕ್ಷಣೆ ಇದೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟಪಡಿಸಿದೆ. ಹಳೆಯ ತೀರ್ಪಿನಲ್ಲೋ ಹಳೆಯ ಪತ್ರಿಕೆಯಲ್ಲೋ ಹೆಸರು ಅಚ್ಚಾಗಿದೆ ಎಂಬ ನೆಪದಲ್ಲಿ ಅದನ್ನು ಮತ್ತೆ ಹೇಳುವಂತಿಲ್ಲ. ಆಸ್ಟ್ರೇಲಿಯಾದಲ್ಲಿ 1982ರಲ್ಲಿ ಕಾಣೆಯಾದ ಲಿನೆಟ್ ಡಾಸನ್ ಅವರ ಪ್ರಕರಣಕ್ಕೆ 2018ರ ಪಾಡ್‌ಕಾಸ್ಟ್ ಒಂದರಿಂದ ಭಾರಿ ಪ್ರಚಾರ ಸಿಕ್ಕಿ, ಅವರ ಪತಿ 2022ರಲ್ಲಿ ಅಪರಾಧಿಯೆಂದು ತೀರ್ಮಾನವಾದದ್ದನ್ನು ನಮ್ಮ ಕ್ಷೇತ್ರದವರು ಹೆಮ್ಮೆಯಿಂದ ಉದಾಹರಿಸುತ್ತಾರೆ. ಆದರೆ ಅದೇ ಪ್ರಚಾರದ ಕಾರಣಕ್ಕೆ ವಿಚಾರಣೆಗೆ ತಡೆ ಬಿದ್ದಿತ್ತು, ಪಾಡ್‌ಕಾಸ್ಟ್ ಅನ್ನು ಆ ದೇಶದಲ್ಲಿ ಕೇಳಲು ಸಿಗದಂತೆ ಹಿಂತೆಗೆದುಕೊಳ್ಳಬೇಕಾಯಿತು, ಕೊನೆಗೆ ಜ್ಯೂರಿಯಿಲ್ಲದೆ ನ್ಯಾಯಾಧೀಶರೊಬ್ಬರೇ ವಿಚಾರಣೆ ನಡೆಸಿದರು. ನ್ಯಾಯ ಸಿಗಲಿ ಎಂದು ಮಾಡಿದ ಕೆಲಸವೇ ನ್ಯಾಯಕ್ಕೆ ಅಡ್ಡ ಬರುವ ಹಂತಕ್ಕೆ ಹೋಗಿತ್ತು ಎಂಬುದನ್ನು ಅವರು ಬಿಟ್ಟುಬಿಡುತ್ತಾರೆ.

ಆ್ಯಪ್‌ನ ಬಗ್ಗೆ ಉಳಿದ ಮಾತುಗಳು ಕಡಿಮೆ. ಮೈ ಕೇಸಸ್ ವಿಭಾಗದಲ್ಲಿ ಪ್ರಕರಣಗಳನ್ನು ಉಳಿಸಿಟ್ಟುಕೊಂಡರೆ, ವಿಚಾರಣೆ ನಡೆಯುತ್ತಿರುವ ಪ್ರಕರಣದ ಬೆಳವಣಿಗೆ ತಪ್ಪಿಹೋಗುವುದಿಲ್ಲ. ತೀರ್ಪಿನ ಪ್ರತಿಯನ್ನು ಸಿಕ್ಕಿದ ದಿನವೇ ಇಳಿಸಿಟ್ಟುಕೊಳ್ಳಿ. ಕಡತವನ್ನು ತೆರೆಯುವಾಗ ಫೋನಿಗಿಂತ ಕಂಪ್ಯೂಟರ್ ಅನುಕೂಲ.

ಒಂದು ಬದಲಾವಣೆಗಾಗಿ ಮಾತ್ರ ಈ ಸೇವೆಯನ್ನು ನಡೆಸುವವರಲ್ಲಿ ಮನವಿ ಮಾಡಿಕೊಳ್ಳುತ್ತೇನೆ. ಕಾಯ್ದೆ ಮತ್ತು ಕಲಂ ಮೂಲಕ ಹುಡುಕುವ ವಿಭಾಗ ಈಗಾಗಲೇ ಇದೆ. ಅದರಲ್ಲಿಯೇ ಠಾಣೆ, ವರ್ಷ ಮತ್ತು ಹಳೆಯ ಭಾರತೀಯ ದಂಡ ಸಂಹಿತೆಯಲ್ಲಿ ಕೊಲೆಗೆ ಇದ್ದ ಕಲಂ 302 ಎಂದು ಆರಿಸಿಕೊಂಡರೆ, ಸಿ ರಿಪೋರ್ಟ್ ಅಂಗೀಕಾರವಾಗಿ ಮುಚ್ಚಿಹೋದ ಕೊಲೆ ಪ್ರಕರಣಗಳ ಕ್ರೈಂ ನಂಬರ್ ಮತ್ತು ಅಂಗೀಕಾರದ ದಿನಾಂಕ ಇರುವ ಪಟ್ಟಿ ತೆರೆಯುವಂತಾಗಬೇಕು. ಯಾರ ಹೆಸರೂ ಅದರಲ್ಲಿ ಬೇಕಿಲ್ಲ. ಅಷ್ಟಿದ್ದರೆ ಪಾಂಡವಪುರದ ಹಳ್ಳಿಯೊಂದರ ತಾಯಿಯೊಬ್ಬರು ತಮ್ಮ ಮಗನ ಕೇಸು ಯಾವ ಹಂತದಲ್ಲಿದೆ ಎಂದು ತಿಳಿಯಲು ಠಾಣೆಯಿಂದ ನ್ಯಾಯಾಲಯಕ್ಕೆ, ನ್ಯಾಯಾಲಯದಿಂದ ಠಾಣೆಗೆ ಅಲೆಯಬೇಕಾಗುವುದಿಲ್ಲ.